ಪೆಟ್ಟಿಗೆಯ ತೇವ, ಹೊಟ್ಟೆಯ ಕಿಚ್ಚು

ಇನ್ನೂ ಬೆಳಕು ಹರಿದಿಲ್ಲ. ಹಿಂದಿನ ಕೋಣೆಯಲ್ಲಿ ಮರಿಯಕ್ಕ ಮೊಟ್ಟೆಗೆ ಕಾವು ಕೊಡುವ ಥರ್ಮಾಕೋಲ್ ಪೆಟ್ಟಿಗೆಗೆ ಕಿವಿಯಾನಿಸಿ ಕೂತಿದ್ದಾರೆ. ಒಳಗೆ ಬಲ್ಬು, ಪುಟ್ಟ ಫ್ಯಾನು, ನೀರಿನ ಬಟ್ಟಲು, ತೇವ ತೋರಿಸುವ ಮೀಟರು, ಬಿರಿಯಲು ಕಾದ ಮೊಟ್ಟೆಗಳು. ಒಂದು ಕಿವಿ ಪೆಟ್ಟಿಗೆಗಾದರೆ ಇನ್ನೊಂದು ನಡುಗೋಡೆಗೆ. ಆಚೆಗಿರುವುದು ಮೈದುನನ ಮನೆ, ಅಲ್ಲಿ ವಾರಗಿತ್ತಿಯ ಪೆಟ್ಟಿಗೆ.

ಈ ಬೀದಿಯ ಕೋಳಿಗಳೆಲ್ಲ ಕಣ್ಣುಬಿಟ್ಟದ್ದು ಮರಿಯಕ್ಕನ ಕೋಣೆಯಲ್ಲೇ. ಮೊಟ್ಟೆ ತಂದುಕೊಟ್ಟು ಮರಿ ಕೊಂಡೊಯ್ದು ಮಾರುವವನು ಮಾತ್ರ ಅಂಗಡಿಯವನು. ವಾರಗಿತ್ತಿಗೆ ಕೈಹಿಡಿದು ಕಸುಬು ಕಲಿಸಿದವರೂ ಇವರೇ.

"ಕಲಿಸಿದ್ದೇ ತಪ್ಪಾಯ್ತು ನೋಡಿ. ಅಂಗಡಿಯವನು ಬಂದಾಗೆಲ್ಲ ‘ಆಯಮ್ಮನ ಮರಿ ಏನು ಚುರುಕು’ ಅಂತಾನೆ. ಹೊಟ್ಟೆಕಿಚ್ಚಿಲ್ಲ ಅಂದ್ರೆ ಸುಳ್ಳಾಗತ್ತೆ. ಇದೆ, ಬೇಕಾದಷ್ಟಿದೆ!" ಎನ್ನುತ್ತಾರೆ ಮರಿಯಕ್ಕ.

ಆ ಕಿಚ್ಚಿಗೆ ಹೋದ ಸಲದ ಮೊಟ್ಟೆಗಳು ಬಲಿಯಾದವು. ವಾರಗಿತ್ತಿ ಮೂರು ಬಟ್ಟಲು ನೀರಿಡುವುದನ್ನು ಕಿಟಕಿಯಲ್ಲಿ ಇಣುಕಿ ನೋಡಿದ ಮರಿಯಕ್ಕ, ಬಿಡುತ್ತಾರೆಯೇ, ನಾಲ್ಕು ಇಟ್ಟರು. ಮೊಟ್ಟೆ ಮೊದಲ ದಿನಗಳಲ್ಲಿ ತುಸು ಒಣಗಬೇಕು. ಆಗಲೇ ಮರಿ ಉಸಿರಾಡಲು ಒಳಗೆ ಗಾಳಿಗೆ ಜಾಗವಾಗುವುದು. ತೇವ ಹೆಚ್ಚಾಗಿ ಮರಿಗಳು ಚಿಪ್ಪಿನಲ್ಲೇ ಉಸಿರುಗಟ್ಟಿದವು.

"ಅವಳದು ತಗಡಿನ ಸೂರು, ಗಾಳಿ ಒಣಕಲು. ನನ್ನ ಕೋಣೆ ಬಚ್ಚಲಿನ ಪಕ್ಕ, ಮೊದಲೇ ತೇವ. ಅವಳ ಗಾಳಿಗೆ ಅವಳ ನೀರು, ನನ್ನ ಗಾಳಿಗೆ ನನ್ನ ನೀರು. ಗೊತ್ತಿದ್ದೂ ಗೊತ್ತಿದ್ದೂ ಕೆಟ್ಟೆ."

ಈ ಸಲ ಅಂಗಡಿಯವನು ಇಬ್ಬರಿಗೂ ಸಮನಾಗಿ ಮೊಟ್ಟೆ ಹಂಚಿದ್ದಾನೆ. ಯಾರ ಪೆಟ್ಟಿಗೆಯಲ್ಲಿ ಹೆಚ್ಚು ಮರಿಯೋ, ಇನ್ನು ಮುಂದೆ ಎಲ್ಲ ಮೊಟ್ಟೆಯೂ ಅವರಿಗೇ. ಇನ್ನೊಬ್ಬರ ಪೆಟ್ಟಿಗೆ ಅಟ್ಟಕ್ಕೆ.

ಗೋಡೆಯಾಚೆ ಚಿಂವ್ ಎನ್ನುತ್ತದೆ. ಮರಿಯಕ್ಕನ ಕೈ ತಾನೇತಾನಾಗಿ ಮುಚ್ಚಳದತ್ತ ಹೋಗುತ್ತದೆ.

"ಮುಟ್ಟಬೇಡ ಕಣೇ," ಎಂದು ಗಂಡ ಬಾಗಿಲಿನಿಂದ ಗದರುತ್ತಾರೆ. ಮೊಟ್ಟೆ ಬಿರಿಯುವ ಹೊತ್ತಿಗೆ ತೇವ ಏರಿರಬೇಕು. ಮುಚ್ಚಳ ತೆಗೆದರೆ ಅದೆಲ್ಲ ಹಾರಿಹೋಗಿ, ಒಳಪೊರೆ ಒಣಗಿ, ಮರಿಗೆ ಅಂಟಿಕೊಳ್ಳುತ್ತದೆ. ಮರಿಯಕ್ಕ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಾರೆ.

ಅಷ್ಟರಲ್ಲಿ ವಾರಗಿತ್ತಿ ಅಳುತ್ತಾ ಓಡಿಬರುತ್ತಾಳೆ. "ಅಕ್ಕಾ, ಮರಿಗಳು ಚಿಪ್ಪಿಗೇ ಅಂಟ್ಕೊಂಡಿವೆ!"

"ಮುಚ್ಚಳ ತೆಗೆದ್ಯಾ?"

"ಗಳಿಗೆಗೊಂದ್ಸಲ ತೆಗೆದು ನೋಡ್ತಿದ್ದೆ. ನಿಮ್ಮದಕ್ಕಿಂತ ಮುಂಚೆ ಬರಬೇಕು ಅಂತ. ಊರೆಲ್ಲ ‘ಮರಿಯಕ್ಕ, ಮರಿಯಕ್ಕ’ ಅಂತಾರೆ, ನಂಗೆ ಮೈಯೆಲ್ಲ ಉರಿಯತ್ತೆ ಅಕ್ಕ."

"ಸುಮ್ಮನಿದ್ದಿದ್ರೆ ಎಲ್ಲ ಮೊಟ್ಟೆ ನನ್ನ ಪಾಲು. ಹಾಗನ್ನಿಸ್ಲಿಲ್ಲ ಅಂತೇನಿಲ್ಲ," ಎಂದು ಮರಿಯಕ್ಕ ಆಮೇಲೆ ಒಪ್ಪಿಕೊಳ್ಳುತ್ತಾರೆ. ಆದರೆ ಆಗ ಅವರು ಬಿಸಿನೀರಲ್ಲಿ ಅದ್ದಿದ ಸ್ಪಂಜು ಹಿಡಿದು ಆಚೆ ಮನೆಗೆ ನಡೆಯುತ್ತಾರೆ. ಸ್ಪಂಜು ಒಳಗಿಟ್ಟು, ಮುಚ್ಚಳ ಮುಚ್ಚಿ, ವಾರಗಿತ್ತಿ ಮತ್ತೆ ತೆಗೆಯದಂತೆ ಅವಳ ಕೈ ಹಿಡಿದುಕೊಂಡೇ ಕೂರುತ್ತಾರೆ. ಮಧ್ಯಾಹ್ನಕ್ಕೆ ಅರ್ಧದಷ್ಟು ಮರಿಗಳು ಉಳಿಯುತ್ತವೆ. ಯಾರೂ ಮುಟ್ಟದ ಮರಿಯಕ್ಕನ ಪೆಟ್ಟಿಗೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ.

ಸಂಜೆ ಬಂದ ಅಂಗಡಿಯವನು ಗೆದ್ದವರು ನೀವೇ ಎನ್ನುತ್ತಾನೆ.

"ಮೊಟ್ಟೆಲಿ ಅರ್ಧ ಅವಳಿಗೂ ಕೊಡಪ್ಪ," ಎನ್ನುತ್ತಾರೆ ಮರಿಯಕ್ಕ.

ಯಾಕೆಂದು ಕೇಳಿದರೆ ಮುಖ ತುಂಬ ನಗು: "ಅವಳ ಪೆಟ್ಟಿಗೆ ಅಟ್ಟ ಸೇರಿದ್ರೆ, ನನ್ನ ಮೇಲೆ ಹೊಟ್ಟೆಕಿಚ್ಚು ಪಡೋರು ಇನ್ಯಾರಿದಾರೆ?"