ನಟಿಸದ ಕೂಗು

ಬೀದಿಯಲ್ಲಿ ಆಕೆಯನ್ನು ಸ್ವಂತ ಹೆಸರಿನಿಂದ ಕರೆದವರು ಕಡಿಮೆ. "ಅತ್ತಿಗೆ ಹೋಗ್ತಿದ್ದಾಳೆ ನೋಡೇ" ಎಂದೇ ಪಿಸುಗುಟ್ಟುತ್ತಿದ್ದರು. ವರ್ಷಗಟ್ಟಲೆ ಒಂದೇ ಧಾರಾವಾಹಿಯಲ್ಲಿ ನಾದಿನಿಯನ್ನು ಗೋಳುಹೊಯ್ದುಕೊಳ್ಳುವ ಅತ್ತಿಗೆಯ ಪಾತ್ರ ಅವಳದು. ಒಮ್ಮೆ ತರಕಾರಿಯವಳು "ಉಣ್ಣೋ ತಟ್ಟೆ ಕಿತ್ಕೊಂಡ್ಯಲ್ಲ, ನಿನ್ ಕೈ ಸೇದ್ಹೋಗ!" ಎಂದು ಶಪಿಸಿ, ಹಾಳಾದ ಟೊಮೇಟೊಗಳನ್ನೇ ಆರಿಸಿ ಚೀಲಕ್ಕೆ ಸುರಿದಿದ್ದಳು. ಬೈಸಿಕೊಂಡ ದಿನ ಅತ್ತಿಗೆ ನಗುತ್ತಾ ಮನೆಗೆ ಬರುತ್ತಿದ್ದಳು. ಬೈಗುಳ ಬಿತ್ತೆಂದರೆ ಕೆಲಸ ಕುದುರಿದೆ ಎಂದೇ ಅರ್ಥ.

ಮನೆಯಲ್ಲಿ ಇದ್ದವಳು ಅಕ್ಕ ಒಬ್ಬಳೇ. ತಂದೆತಾಯಿ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಸಾಕಿದವಳು. ತಂಗಿಗೆ ಮೊದಲು ಸಿಕ್ಕಿದ್ದು ನರ್ಸ್ ಪಾತ್ರ. "ಡಾಕ್ಟ್ರು ಬರ್ತಿದ್ದಾರೆ" ಎಂಬ ಒಂದೇ ಮಾತು. ಚಿಕ್ಕ ಪಾತ್ರಗಳಿಗೆ ಬಟ್ಟೆ ಕೊಡುವುದಿಲ್ಲವೆಂದಾಗ ಅಕ್ಕನೇ ಬಿಳಿ ಸಮವಸ್ತ್ರ ಹೊಲಿದುಕೊಟ್ಟು, "ಒಂದೇ ಮಾತಾದ್ರೂ ಗಟ್ಟಿಯಾಗಿ ಹೇಳೇ" ಎಂದು ಕಳಿಸಿದ್ದಳು. ಆ ಒಂದು ಮಾತಿನಿಂದ ಅತ್ತಿಗೆಯ ತನಕ ಬರಲು ಆಕೆ ಸವೆಸಿದ ಚಪ್ಪಲಿ ಎಷ್ಟೋ.

ಧಾರಾವಾಹಿಯ ಬಂಗಲೆಯಲ್ಲಿ ದೊಡ್ಡದೊಂದು ಮೆಟ್ಟಿಲಸಾಲಿತ್ತು. ಪ್ಲೈವುಡ್‌ಗೆ ಅಮೃತಶಿಲೆಯ ಬಣ್ಣ ಬಳಿದದ್ದು. ಮೇಲೆ ಹತ್ತಿದರೆ ಕೋಣೆಯಿಲ್ಲ. ನಿಲ್ಲಲು ಒಂದು ಹಲಗೆ, ಹಿಂದಿನಿಂದ ಇಳಿಯಲು ಒಂದು ಏಣಿ, ಅಷ್ಟೇ.

"ಮೇಲಿನ ಹಲಗೆ ಅಲ್ಲಾಡ್ತಿದೆ, ಸರಿ ಮಾಡ್ಸಿ" ಎಂದು ಅತ್ತಿಗೆ ಮ್ಯಾನೇಜರ್‌ಗೆ ಹೇಳಿದ್ದಳು.

"ಇವತ್ತು ತೆಗೆದಿದ್ದು ಇವತ್ತೇ ಚಾನೆಲ್‌ಗೆ ಹೋಗ್ಬೇಕು ಮೇಡಂ. ನಾಳೆ ನೋಡೋಣ."

ಬಡಗಿಯೂ ಹೇಳಿದ. ಅವನಿಗೂ ನಾಳೆ. ಆ ನಾಳೆ ಬರಲೇ ಇಲ್ಲ.

ಅವತ್ತಿನ ದೃಶ್ಯದಲ್ಲಿ ಆಕೆ ಮೇಲೆ ನಿಂತು ನಾದಿನಿಯನ್ನು ಬೈಯಬೇಕಿತ್ತು. ಎರಡನೇ ಮಾತಿಗೇ ಹಲಗೆ ಕಿತ್ತುಬಂತು. ಉರುಳಿದಳು. ತೊಡೆಯ ಮೂಳೆ ಮುರಿದ ಸದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಿತು. "ಅಕ್ಕಾ!" ಎಂದು ಚೀರಿದಳು. ಲೈಟಿನವರು ಓಡಿಬಂದರೆ ನಿರ್ದೇಶಕ ಕೈ ಅಡ್ಡ ಹಿಡಿದು ತಡೆದ. ಕ್ಯಾಮೆರಾ ಓಡುತ್ತಲೇ ಇತ್ತು. ಆಕೆಯ ಕಣ್ಣು ಮುಚ್ಚಿದ ಮೇಲೆಯೇ ಅವನ ಬಾಯಿಂದ "ಕಟ್" ಬಂದದ್ದು.

ಶಸ್ತ್ರಚಿಕಿತ್ಸೆಯಾಗಿ ವಾರ್ಡಿಗೆ ಬಂದ ಮರುದಿನ, ಗೋಡೆಯ ಟಿವಿಯಲ್ಲಿ ಆ ಕೂಗು ಕೇಳಿಸಿತು. ಪರದೆಯ ತುಂಬ ಅವಳ ಸೊಟ್ಟಗಾದ ಮುಖ, ಕೆಳಗೆ ಕೆಂಪು ಅಕ್ಷರ: "ಮಾಡಿದ್ದುಣ್ಣೋ ಮಹರಾಯ! ಅತ್ತಿಗೆಗೆ ತಕ್ಕ ಶಾಸ್ತಿ! ಇಂದು ರಾತ್ರಿ ತಪ್ಪದೆ ನೋಡಿ." ಎದುರು ಹಾಸಿಗೆಯ ಮುದುಕಿ ಚಪ್ಪಾಳೆ ತಟ್ಟಿದಳು. ತನ್ನೆದುರಿಗೇ ಯಾರು ಮಲಗಿದ್ದಾರೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಅಕ್ಕ ಎದ್ದುಹೋಗಿ ಟಿವಿ ಆರಿಸಿದಳು. "ಆ ಕಥೇಲಿ ನಿಂಗೆ ಅಕ್ಕ ಎಲ್ಲಿದ್ದಾಳೆ? ನೀನು ಕೂಗಿದ್ದು ನನ್ನನ್ನ. ಅದನ್ನ ಊರಿಗೆಲ್ಲ ತೋರ್ಸೋಕೆ ಇವರ‍್ಯಾರೇ?"

ನಿರ್ದೇಶಕ ಹೂಗುಚ್ಛ ಹಿಡಿದು ಬಂದ. "ಎಂಥಾ ಸಹಜ ಅಭಿನಯ! ಇಪ್ಪತ್ತು ಸಲ ತೆಗೆದಿದ್ರೂ ಆ ಮುಖಭಾವ ಬರ್ತಿರ್ಲಿಲ್ಲ ಕಣಮ್ಮ."

"ಅಭಿನಯಾನಾ ಸಾರ್ ಅದು? ಕಾಲು ಮುರೀತು."

"ಕ್ಯಾಮೆರಾ ಮುಂದೆ ಆಗಿದ್ದೆಲ್ಲ ಚಾನೆಲ್‌ದು. ನೀನೇ ಒಪ್ಪಿ ಸಹಿ ಹಾಕಿದ್ದೀಯ."

ಇಷ್ಟು ವರ್ಷ ಅವನನ್ನು ಗುರು ಎಂದು ಕರೆದ ನಾಲಿಗೆಯ ಮೇಲೆ ಆಕೆಗೇ ಹೇಸಿಗೆಯಾಯಿತು. ಕೇಳುವವರಿಲ್ಲವೆಂದು ಕೂಗನ್ನು ದಿನಕ್ಕೆ ಹತ್ತಾರು ಸಲ ಹಾಕಿದರು. ಆಕೆಯ ಬದಲು ಯಾರನ್ನೋ ಮುಖದ ತುಂಬ ಬ್ಯಾಂಡೇಜ್ ಸುತ್ತಿ ಮಲಗಿಸಿ, ಅತ್ತಿಗೆಗೆ ಪ್ರಜ್ಞೆಯಿಲ್ಲ ಎಂದು ಕಥೆ ಮುಂದುವರಿಸಿದರು.

ಉರಿಯುವ ಗಾಯಕ್ಕೆ ಉಪ್ಪು ಸುರಿದದ್ದು ಆಮೇಲೆ. ಚಾನೆಲ್‌ನ ವಾರ್ಷಿಕ ಸಮಾರಂಭದಲ್ಲಿ ಅತ್ಯುತ್ತಮ ಅಭಿನಯದ ಪ್ರಶಸ್ತಿ ಆಕೆಗೇ ಬಂತು, ಅದೇ ದೃಶ್ಯಕ್ಕೆ! "ಹೋಗ್ಬೇಡ ಕಣೇ" ಎಂದಳು ಅಕ್ಕ. "ಹೋಗ್ತೀನಿ" ಎಂದಳು ತಂಗಿ.

ಊರುಗೋಲು ಊರಿಕೊಂಡು ವೇದಿಕೆ ಹತ್ತಿದಳು. ನೇರಪ್ರಸಾರ. ನಿರೂಪಕಿ ಹಲ್ಲುಕಿರಿದು, "ನಮ್ಮ ವೀಕ್ಷಕರಿಗೋಸ್ಕರ ಆ ಕೂಗು ಇನ್ನೊಂದ್ಸಲ ಪ್ಲೀಸ್!" ಎಂದು ಮೈಕು ಚಾಚಿದಳು. ಸಭೆ ಶಿಳ್ಳೆ ಹಾಕಿತು.

ಅತ್ತಿಗೆ ಮೈಕು ತೆಗೆದುಕೊಂಡಳು. "ಅದು ನಟನೆ ಅಲ್ಲ. ಹಲಗೆ ಸಡಿಲ ಆಗಿದೆ ಅಂತ ನಾನು ಹೇಳಿದ್ದೆ, ಬಡಗೀನೂ ಹೇಳಿದ್ದ. ಯಾರೂ ಸರಿ ಮಾಡ್ಸಲಿಲ್ಲ. ಬಿದ್ದಾಗ ಎತ್ತೋಕೆ ಬಂದವರನ್ನ ತಡೆದು ಚಿತ್ರ ತೆಗೆದ್ರು. ನೀವು ದಿನಾ ನೋಡ್ತಿರೋದು ನನ್ನ ಮೂಳೆ ಮುರಿಯೋದನ್ನ. ನಿರ್ದೇಶಕರು ಅಲ್ಲೇ ಮುಂದಿನ ಸಾಲಲ್ಲಿ ಕೂತಿದ್ದಾರೆ. ಪ್ರಶಸ್ತಿ ಅವರಿಗೇ ಕೊಡಿ, ಕಾಲು ಮುರಿದ್ರೂ ಕ್ಯಾಮೆರಾ ನಿಲ್ಲಿಸದೇ ಇದ್ದಿದ್ದಕ್ಕೆ."

ಶಿಳ್ಳೆ ನಿಂತಿತು. ಟಿವಿಯಲ್ಲಿ ತಟ್ಟನೆ ಸೋಪಿನ ಜಾಹೀರಾತು ಬಂತು. ಆದರೆ ಆಡಬೇಕಾದದ್ದನ್ನು ಆಕೆ ಅಷ್ಟರಲ್ಲಿ ಆಡಿಯಾಗಿತ್ತು.

ಮರುದಿನ ಬಡಗಿ, ಲೈಟಿನವರು, ಮೇಕಪ್ಪಿನ ಹೆಂಗಸರು ಬಂಗಲೆಯ ಹೊರಗೇ ಕೂತರು. ಮೆಟ್ಟಿಲು ಬಿಚ್ಚಿ ಹೊಸದಾಗಿ ಕಟ್ಟುವ ತನಕ, ಆ ಕೂಗಿನ ಪ್ರಸಾರ ನಿಲ್ಲಿಸುವ ತನಕ ಯಾರೂ ಒಳಗೆ ಕಾಲಿಡಲಿಲ್ಲ. ಚಾನೆಲ್ ಎರಡನ್ನೂ ಮಾಡಿತು. ಕ್ಷಮೆ ಮಾತ್ರ ಕೇಳಲಿಲ್ಲ. ಆಕೆಗೆ ಮತ್ತೆ ಯಾವ ಚಾನೆಲ್ಲೂ ಪಾತ್ರ ಕೊಡಲಿಲ್ಲ. "ಬಾಯಿ ಜೋರು" ಎಂಬ ಮಾತು ಆಕೆಗಿಂತ ಮೊದಲೇ ಎಲ್ಲ ಕಡೆ ತಲುಪಿರುತ್ತಿತ್ತು. ನಿರ್ದೇಶಕ ಈಗ ಇನ್ನೂ ದೊಡ್ಡ ಧಾರಾವಾಹಿ ಮಾಡುತ್ತಿದ್ದಾನೆ. ಸಂದರ್ಶನಗಳಲ್ಲಿ "ಅವಳನ್ನ ಬೆಳೆಸಿದ್ದೇ ನಾನು" ಅನ್ನುತ್ತಾನೆ. ಮೂರೂ ಬಿಟ್ಟವರು ಊರಿಗೆ ದೊಡ್ಡವರು.

ಆಕೆ ಈಗ ರೇಡಿಯೋ ನಾಟಕಗಳಲ್ಲಿ ಮಾತಾಡುತ್ತಾಳೆ. ಅಲ್ಲಿ ಕುಂಟುವುದು ಯಾರಿಗೂ ಕಾಣುವುದಿಲ್ಲ. ಮೊನ್ನೆ ಒಂದು ನಾಟಕದಲ್ಲಿ ಬಾವಿಗೆ ಬೀಳುವವಳ ಪಾತ್ರ ಬಂತು. ಓದಿ ನೋಡಿ, "ಬೀಳೋದನ್ನ ನಾನು ಮಾಡಲ್ಲ, ಬೇರೆ ಪಾತ್ರ ಕೊಡಿ" ಎಂದಳು. ಕೊಟ್ಟರು.