ದೋಣಿಯ ಕಕ್ಕಸಿನ ಪಂಪು

ಮನೆ ಹಿಂದಿನ ಆಲೆಮನೆಯ ಗಾಣ ಗುಡುಗುಟ್ಟುವಾಗಲೇ ಬೂಕನಕೆರೆಯ ಕೈಪಂಪು ರಿಪೇರಿಯ ಚಿಕ್ಕಜವರಯ್ಯನಿಗೆ ಫೋನು ಬಂತು. ಹಿನ್ನೀರಿನ ದಡದಲ್ಲಿ ಒಂದೇ ಹಗ್ಗಕ್ಕೆ ಕಟ್ಟಿಹಾಕಿದ್ದ ಹಾಯಿದೋಣಿಯ ಕಕ್ಕಸಿನ ಪಂಪು ಮತ್ತೆ ನೀರೆಳೆಯುತ್ತಿಲ್ಲ. ಮೊನ್ನೆಯಷ್ಟೇ ವಾಷರು ಬದಲಿಸಿ, ಹರಳೆಣ್ಣೆ ಸವರಿ ಬಂದಿದ್ದ. ಈ ಸಲವೂ ಸರಿಹೋಗದಿದ್ದರೆ ಅವನ ಹೆಸರೇ ಕೆಡುತ್ತಿತ್ತು.

ದೋಣಿಗೆ ಹೋಗಿ ಬಿಚ್ಚಿದರೆ ಪಂಪು ಸರಿಯಾಗೇ ಇತ್ತು. ಹೊರಗಿನಿಂದ ನೀರೆಳೆಯುವ ಕೊಳವೆಗೆ ತಂತಿ ತೂರಿಸಿ ಎಳೆದ; ಕೊಳೆತ ಚೆಂಡುಹೂವು ಗುಪ್ಪೆಯಾಗಿ ಬಂತು.

"ಯಾರವ್ವ ಹೂ ಹಾಕಿದ್ದು?"

"ನಾನೇ ಕಣಣ್ಣ," ಎಂದಳು ದೋಣಿಯ ಒಡತಿ ಪುಟ್ಟಲಕ್ಷ್ಮಿ. "ದಿನಾ ದೋಣಿಗೆ ಪೂಜೆ ಮಾಡ್ತೀನಿ. ಹಳೆ ಹೂವ ತುಳೀಬಾರ್ದಲ್ಲ, ಈ ಪಕ್ಕದಲ್ಲೇ ನೀರಿಗೆ ಬುಡ್ತೀನಿ."

"ಪಂಪಿನ ಬಾಯಿ ಇರೋದೇ ಈ ಪಕ್ಕ! ನಾಳೆಯಿಂದ ಆ ಕಡೆ ಬುಡವ್ವ."

"ಆ ಕಡೆ ತೆಂಕ್ಲು ಕಣಣ್ಣ, ಯಮನ ದಿಕ್ಕು."

"ದೋಣಿ ತಿರುಗ್ತಾನೇ ಇರ್ತದಲ್ಲವ್ವ, ಅದುಕ್ಕೆ ತೆಂಕ್ಲು ಅನ್ನೋದು ಎಲ್ಲಿ..." ಎನ್ನುತ್ತಿದ್ದವನು, ಇವಳು ಕೇಳುವವಳಲ್ಲ ಎಂದು ಮಾತನ್ನು ಅಲ್ಲೇ ಬಿಟ್ಟು, ಚೀಲ ಹೆಗಲಿಗೇರಿಸಿ, ಇಳಿದು ನಡೆದುಬಿಟ್ಟ.