ತುಳಸಿ ಇಟ್ಟು ಕೊಟ್ಟ ಕಂಪ್ಯೂಟರ್

ಆ ಶನಿವಾರ ಸಂಜೆ ನಾನು ಹೀರೆಕಾಯಿ ಹೆಚ್ಚುತ್ತಿದ್ದೆ. ಇವರು ಕಂಪ್ಯೂಟರಿನ ಮುಂದೆ ಕೂತಿದ್ದವರು ತಲೆ ತಿರುಗಿಸದೆಯೇ ಕೇಳಿದರು:

"ನೀನು ಮೊದಲ ಸಲ ಬೊಂಬಾಯಿಗೆ ಬಂದ ದಿನ ನಿನ್ನ ಕೈಯಲ್ಲಿದ್ದ ಡಬ್ಬಿಯಲ್ಲಿ ಎಂತ ಇತ್ತು ಮಾರಾಯ್ತಿ?"

ಹಲಸಿನ ಹಪ್ಪಳ ಎಂದೆ. ಹಪ್ಪಳ ಚೀಲದಲ್ಲಿತ್ತು, ಡಬ್ಬಿಯಲ್ಲಿ ಬೇರೆ ಏನೋ ಇತ್ತು ಎಂದರು. ಸ್ವಲ್ಪ ಹೊತ್ತಿನ ಮೇಲೆ ನನಗೆ ನೆನಪಾಯಿತು. ಬಸಳೆಯ ದಂಟು. ಒದ್ದೆ ಬಟ್ಟೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಬಸ್ಸು ನಿಂತಲ್ಲೆಲ್ಲ ನೀರು ಚಿಮುಕಿಸಿ ತಂದಿದ್ದೆ. ನೆಡಲಿಕ್ಕೆ ಚಾಳಿನಲ್ಲಿ ಹಿಡಿಯಷ್ಟು ಮಣ್ಣೂ ಇರಲಿಲ್ಲ. ಮೂರನೆಯ ದಿನ ಅದನ್ನೇ ಹುಳಿ ಮಾಡಿದೆ.

ಇವರು ನಕ್ಕರು. ಕೀಲಿಗಳ ಸದ್ದು ಮತ್ತೆ ಶುರುವಾಯಿತು.

"ಅದನ್ನೆಲ್ಲ ಬರೀಬೇಡಿ. ಓದಿದವರು ನನ್ನನ್ನು ಪೆದ್ದಿ ಅಂತಾರೆ."

"ನೀನೇ ಮೊದಲು ಓದು. ಬೇಡ ಅಂದ್ರೆ ತೆಗೆಯುವ."

ನಾಳೆ ಓದ್ತೇನೆ ಎಂದು ಹೇಳಿ ಒಗ್ಗರಣೆಗೆ ಇಟ್ಟೆ.

ಇವರು ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದರು. ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಕನ್ನಡ ಬರುವ ಒಂದು ಹಳೆಯ ಕಂಪ್ಯೂಟರ್ ತಂದು ನಮ್ಮ ಕಾಂದಿವಲಿಯ ಮನೆಯ ಕಿಟಕಿಯ ಹತ್ತಿರ ಇಟ್ಟುಕೊಂಡರು. ನಮ್ಮವರ ಮದುವೆ, ಮುಂಜಿಯ ಕಾಗದಗಳನ್ನು ಅದರಲ್ಲಿ ಮಾಡಿ ಕೊಡುತ್ತಿದ್ದರು. ಉಳಿದ ಹೊತ್ತಿನಲ್ಲಿ ರಾತ್ರಿಶಾಲೆಯ ನೆನಪುಗಳನ್ನು ಬರೆಯುತ್ತಿದ್ದರು. ದಿನವೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು ಬಂದು ಬೆಂಚಿನ ಮೇಲೇ ನಿದ್ದೆಹೋಗುತ್ತಿದ್ದವರ ಕಥೆ. ವಾರವಿಡೀ ಬರೆದದ್ದು ಯಂತ್ರದ ಹೊಟ್ಟೆಯಲ್ಲೇ ಇರುತ್ತಿತ್ತು. ಭಾನುವಾರ ಸ್ನಾನವಾದ ಮೇಲೆ ಅದನ್ನು ಫ್ಲಾಪಿಗೆ ಇಳಿಸುವುದು ಇವರ ಪದ್ಧತಿ, ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ.

ಆ ಭಾನುವಾರ ಬೆಳಿಗ್ಗೆ ತರಕಾರಿಗೆಂದು ಹೋದವರು ಸ್ಟೇಷನ್ ಬ್ರಿಜ್ಜಿನ ಮೆಟ್ಟಿಲ ಮೇಲೆ ಕುಸಿದರು. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಚೀಲದಲ್ಲಿ ಎರಡು ಕಟ್ಟು ಹರಿವೆ ಸೊಪ್ಪು ಇತ್ತು.

ಮೈದುನ ದುಬೈಯಿಂದ ಬಂದ. ಹೊಸ ಲ್ಯಾಪ್‌ಟಾಪ್ ತಂದಿದ್ದ. ಪುಸ್ತಕದ ಹಾಗೆ ಮಡಚುವ ಕಂಪ್ಯೂಟರನ್ನು ನಾನು ನೋಡಿದ್ದು ಆಗಲೇ. ಹನ್ನೆರಡನೆಯ ದಿನ ಸತ್ತವರು ಬಳಸಿದ ವಸ್ತುಗಳನ್ನು ದಾನ ಕೊಡಬೇಕು. ಕೊಡೆ, ಚಪ್ಪಲಿ, ಚಾಪೆ, ದೀಪ ಎಲ್ಲ ಕೊಟ್ಟಾಯಿತು. ಅಣ್ಣ ನಿಜವಾಗಿ ಬಳಸಿದ್ದು ಕಂಪ್ಯೂಟರನ್ನಲ್ಲವೇ ಎಂದು ಮೈದುನ ಕೇಳಿದ. ಇವರಿಗೂ ಅದೇ ಇಷ್ಟವಾಗುತ್ತಿತ್ತು ಎಂದು ನನಗೂ ಅನಿಸಿತು. ರಾತ್ರಿಶಾಲೆಯಲ್ಲಿ ಇವರ ಹತ್ತಿರ ಅಕ್ಷರ ಕಲಿತ ವಿಜಾಪುರದ ಕಡೆಯವರೊಬ್ಬರು ಭಾಂಡುಪಿನಲ್ಲಿ ಸಣ್ಣ ಪ್ರೆಸ್ ಇಟ್ಟಿದ್ದರು. ಅವರನ್ನು ಕರೆಸಿದೆವು. ನಾನು ಯಂತ್ರದ ಮೇಲೆ ತುಳಸಿದಳ ಇಟ್ಟು ನೀರು ಬಿಡಲು ಹೋದಾಗ ಮೈದುನ ಕೈ ಅಡ್ಡ ಹಿಡಿದ.

"ಒಂದು ಹನಿ ಸಾಕು ಅತ್ತಿಗೆ. ಒಳಗೆ ಹೋದ್ರೆ ದಾನ ತಕೊಂಡವರಿಗೆ ರಿಪೇರಿಯೂ ಸಿಕ್ಕೀತು."

ಹನ್ನೆರಡು ದಿನಗಳಲ್ಲಿ ಮನೆಯವರು ನಕ್ಕದ್ದು ಆಗ ಮಾತ್ರ. ಅಣ್ಣನ ಬರವಣಿಗೆಯೆಲ್ಲ ಫ್ಲಾಪಿಯಲ್ಲಿದೆ ಎಂದು ಮೈದುನ ಪ್ರೆಸ್ಸಿನವರಿಗೆ ಹೇಳಿದ. ಪಕ್ಕದಲ್ಲೇ ನಿಂತಿದ್ದ ನಾನೂ ಹೌದೆಂದು ತಲೆಯಾಡಿಸಿದೆ. ಭಾನುವಾರದ ಪದ್ಧತಿ ಗೊತ್ತಿದ್ದವಳು ನಾನೊಬ್ಬಳೇ.

ವಾರದ ಮೇಲೆ ಮೈದುನ ಆ ಫ್ಲಾಪಿಗಳನ್ನು ತೆಗೆದ. ಅವು ದೊಡ್ಡವು. ಲ್ಯಾಪ್‌ಟಾಪಿನ ಬಾಯಿ ಸಣ್ಣದು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗೆಳೆಯನೊಬ್ಬನ ಆಫೀಸಿಗೆ ಒಯ್ದು ಎಲ್ಲವನ್ನೂ ಸಣ್ಣ ಫ್ಲಾಪಿಗಳಿಗೆ ಇಳಿಸಿಕೊಂಡು ಬಂದ. ಆಮೇಲೆ ಇವರ ಕನ್ನಡದ ಪ್ರೋಗ್ರಾಮನ್ನು ಹಾಕಿ ನೋಡಿದ. ಅದು ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿ ತಾನಾಗಿಯೇ ಮುಚ್ಚಿಕೊಂಡಿತು. ಬೇರೊಂದು ಪ್ರೋಗ್ರಾಮಿನಲ್ಲಿ ತೆರೆದರೆ ಪರದೆಯ ತುಂಬ ಚೌಕ, ಗೆರೆ, ತಲೆಕೆಳಗಾದ ಪ್ರಶ್ನೆಚಿಹ್ನೆ. ಅವುಗಳ ನಡುವೆ ಇವರು ಇಂಗ್ಲಿಷಿನಲ್ಲಿ ಹಾಕಿದ ಪುಟಸಂಖ್ಯೆಗಳು ಮಾತ್ರ ಸರಿಯಾಗಿದ್ದವು. 41, 42, 43 ಎಂದು ನಾನು ಓದುತ್ತ ಹೋದೆ. ಪುಟ ಇದೆ, ಮಾತಿಲ್ಲ.

ಮೈದುನ ನಾಲ್ಕು ದಿನ ಬಿಡದೆ ಕೂತ. ಕೊನೆಗೆ ರಿಪೇರಿಯವನೊಬ್ಬನನ್ನು ಕರೆತಂದ. ಹಳೆಯ ಯಂತ್ರದೊಳಗೆ ನಮ್ಮ ಭಾಷೆಗಳ ಅಕ್ಷರ ಮೂಡಿಸುವ ಒಂದು ಕಾರ್ಡ್ ಕೂರಿಸಿರುತ್ತಾರೆ, ಅದಿಲ್ಲದೆ ಈ ಫೈಲುಗಳನ್ನು ಓದಲಾಗದು, ಲ್ಯಾಪ್‌ಟಾಪಿನಲ್ಲಿ ಅದನ್ನು ಕೂರಿಸಲು ಜಾಗವೇ ಇಲ್ಲ ಎಂದು ಅವನು ಹಿಂದಿಯಲ್ಲಿ ವಿವರಿಸಿದ. ಆ ಯಂತ್ರ ಎಲ್ಲಿ ಎಂದು ಕೇಳಿದ. ಮೈದುನ ನನ್ನ ಕಡೆ ತಿರುಗಿದ.

"ದಾನ ಕೊಟ್ಟದ್ದನ್ನು ವಾಪಸ್ ಕೇಳುವುದಾ ಅತ್ತಿಗೆ? ಅಣ್ಣನಿಗೆ ಒಳ್ಳೇದಲ್ಲ ಅಂತಾರೆ."

"ಕೇಳುವುದಲ್ಲ. ಅಲ್ಲೇ ಕೂತು ಓದಿ ಬರುವುದು."

ದಾದರಿನಲ್ಲಿ ಲೋಕಲ್ ಬದಲಿಸಿ ಭಾಂಡುಪಿಗೆ ಹೋದೆವು. ಪ್ರೆಸ್ಸಿನವರು ಕೆಲಸ ನಿಲ್ಲಿಸಿ ನನಗೆ ಕುರ್ಚಿ ಹಾಕಿದರು. ಇವರ ಕಂಪ್ಯೂಟರಿಗೆ ಹೂ ಏರಿಸಿದ್ದರು. ಇವರ ದೊಡ್ಡ ಫ್ಲಾಪಿ ಹಾಕಿದ ಕೂಡಲೇ ಕನ್ನಡ ಮೂಡಿತು. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಮೊದಲು ಬಂದದ್ದು ಪರಿವಿಡಿಯ ಹಾಳೆ. ಇವರು ಅದನ್ನು ಶುರುವಿನಲ್ಲೇ ಮಾಡಿಟ್ಟುಕೊಂಡಿದ್ದರು. ಹನ್ನೆರಡು ಹೆಸರುಗಳಿದ್ದವು. ಕೊನೆಯದು 'ಇವಳು ಬಂದದ್ದು'.

ಪ್ರಿಂಟರ್ ಕರಕರ ಎನ್ನುತ್ತ ಮಧ್ಯಾಹ್ನದವರೆಗೂ ಓಡಿತು. ಮಡಿಕೆ ಮಡಿಕೆಯಾಗಿ ಕಾಗದ ನನ್ನ ಕಾಲ ಬಳಿ ಬಿತ್ತು. ಹನ್ನೊಂದನೆಯ ಅಧ್ಯಾಯ ಮುಗಿದ ಮೇಲೆ ಸದ್ದು ನಿಂತಿತು.

"ಇಷ್ಟೇ ಅದಾವ್ರಿ ಅಮ್ಮಾರ."

ಶನಿವಾರದ್ದು ಫ್ಲಾಪಿಗೆ ಇಳಿದಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಆಗ. ಅದು ಯಂತ್ರದೊಳಗೇ ಇರಬೇಕು, ನೋಡಿ ಎಂದೆ. ಅವರು ನೋಡಲಿಲ್ಲ. ಕೈಗೆ ಮೆತ್ತಿದ್ದ ಮಸಿಯನ್ನು ಚಿಂದಿಯಿಂದ ಒರೆಸುತ್ತ ನಿಂತರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಎಲ್ಲಾ ಫ್ಲಾಪಿಯೊಳಗ ಐತಿ ಅಂದಿದ್ರಲ್ರಿ. ಪ್ರೆಸ್ಸಿನ ಕೆಲಸಕ್ಕ ಜಾಗ ಬೇಕಾಗಿತ್ತು. ಬಂದ ದಿನಾನ ಪೂರ್ತಿ ಅಳಿಸಿ ಹೊಸದಾಗಿ ಹಾಕಿಸೀನ್ರಿ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು, "ಸರ್ ಬರೆದದ್ದನ್ನ ಅಳಿಸಿದಾಂವ ನಾನs ಆದೆ."

ಅಳಿಸಿದ್ದು ನೀವಲ್ಲ, ನೀರು ಬಿಟ್ಟು ಕೊಟ್ಟವಳು ನಾನು ಎಂದೆ. ಮೈದುನ ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತ.

ಆ ಹನ್ನೊಂದು ಅಧ್ಯಾಯಗಳನ್ನು ಪ್ರೆಸ್ಸಿನವರೇ ಪುಸ್ತಕ ಮಾಡಿದರು. ಪರಿವಿಡಿಯಿಂದ ಹನ್ನೆರಡನೆಯ ಹೆಸರನ್ನು ತೆಗೆಯಲೇ ಎಂದು ಕೇಳಿಕಳಿಸಿದಾಗ ಬೇಡ ಎಂದೆ. ಅದರ ಎದುರು ಪುಟಸಂಖ್ಯೆ ಇಲ್ಲ. ಮುದ್ರಣದ ತಪ್ಪು ಎಂದು ಒಬ್ಬಿಬ್ಬರು ನನಗೆ ತೋರಿಸಿಯೂ ಇದ್ದಾರೆ.

ಮೈದುನ ಲ್ಯಾಪ್‌ಟಾಪನ್ನು ನನಗೇ ಬಿಟ್ಟು ಹೋದ. ಅದರ ಮೇಲೆ ಒಂದು ಬಟ್ಟೆ ಹೊದೆಸಿ ಕಿಟಕಿಯ ಹತ್ತಿರವೇ ಇಟ್ಟಿದ್ದೇನೆ. ಆ ಅಧ್ಯಾಯವನ್ನು ನೀವೇ ಬರೆದು ಕೊಡಿ ಎಂದು ಪ್ರೆಸ್ಸಿನವರು ಈಗಲೂ ಹೇಳುತ್ತಾರೆ. ಡಬ್ಬಿಯಲ್ಲಿ ಬಸಳೆ ಇತ್ತು ಎಂದು ನಾನು ಬರೆಯಬಲ್ಲೆ. ಅದನ್ನು ಕೇಳಿ ನಕ್ಕು ಇವರು ಏನು ಬರೆದರೋ ನನಗೆ ಗೊತ್ತಿಲ್ಲ. ನಾನು ಓದಬೇಕಾಗಿದ್ದ ಹನ್ನೆರಡನೆಯ ಅಧ್ಯಾಯ ಇಲ್ಲ.